ಕರೆಂಟು ಇರುವ ಗಂಟೆಗಳ ಲೆಕ್ಕ: ಹೊಸನಗರ ತಾಲ್ಲೂಕಿನ ಒಂದು ಇಂಟರ್ನೆಟ್ ನೋಡ್‌ಗೆ ಬ್ಯಾಕಪ್ ವಿದ್ಯುತ್ ಒದಗಿಸಿದ ಪ್ರಕರಣ

ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ಒಂದು ಹಳ್ಳಿಯಲ್ಲಿ, ಸಹಕಾರ ಸಂಘದ ಕಟ್ಟಡದ ಹಿಂಬದಿಯ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಅಲ್ಲಿನ ಕೇಬಲ್ ಆಪರೇಟರ್ ಒಬ್ಬರು ಫೈಬರ್ ಇಂಟರ್ನೆಟ್ಟಿನ ನೋಡ್, ಅಂದರೆ ಮನೆಮನೆಗೆ ಸಂಪರ್ಕ ಹಂಚುವ ಕೇಂದ್ರವೊಂದನ್ನು, ನಡೆಸುತ್ತಾರೆ. ಸುತ್ತಲಿನ ಊರುಗಳ ಇನ್ನೂರಕ್ಕೂ ಮಿಕ್ಕ ಮನೆಗಳು, ಸಂಘದ ಕಚೇರಿ, ನ್ಯಾಯಬೆಲೆ ಅಂಗಡಿ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಒಂದು ಪ್ರೌಢಶಾಲೆ ಈ ನೋಡನ್ನು ನೆಚ್ಚಿಕೊಂಡಿವೆ. ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಗೆ ಹತ್ತಿದರಷ್ಟೇ ಸಿಗುವ ಜಾಗವಾದ್ದರಿಂದ ಜನ ಸಾಮಾನ್ಯ ಫೋನ್ ಕರೆಗಳನ್ನೂ ವೈಫೈ ಮೂಲಕವೇ ಮಾಡುತ್ತಾರೆ. ಹಾಗಾಗಿ ನೋಡ್ ನಿಂತಿತೆಂದರೆ ತೋಟದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವವರ ಕೆಲಸ ನಿಲ್ಲುವುದಷ್ಟೇ ಅಲ್ಲ, ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಲು ಜೀಪಿನವರನ್ನು ಕರೆಯುವ ದಾರಿಯೂ ಮುಚ್ಚಿಹೋಗುತ್ತದೆ.

ಈ ತಾಲ್ಲೂಕು ವಿದ್ಯುತ್ತಿಗಾಗಿ ಕಳೆದುಕೊಂಡದ್ದು ಕಡಿಮೆಯೇನಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ವಾರಾಹಿ ಯೋಜನೆಯ ಮಾಣಿ ಜಲಾಶಯ, ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳು ಇಲ್ಲಿನ ಗದ್ದೆ, ಕಾಡುಗಳನ್ನು ನುಂಗಿವೆ. ಆದರೆ ಹಳ್ಳಿಗೆ ಬರುವ ಕರೆಂಟು ಮಾತ್ರ ದಟ್ಟ ಕಾಡಿನ ನಡುವೆ ಮೈಲಿಗಟ್ಟಲೆ ಹಾದು ಬರುವ 11 ಕೆವಿ ತಂತಿಯನ್ನು ಅವಲಂಬಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ತಂತಿಯ ಮೇಲೆ ಮರವೋ ಬಿದಿರುಮೆಳೆಯೋ ಬೀಳದ ವಾರ ಅಪರೂಪ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳನ್ನು ಕಂಡವರು ಅವರನ್ನು ದೂರಲಾರರು. ಮಲೆನಾಡಿನಲ್ಲಿ ನೆಟ್‌ವರ್ಕ್ ನಡೆಸುವವರು ಕರೆಂಟು ಹೋಗುತ್ತದೆ ಎಂಬುದನ್ನು ಭೂಗೋಳದ ಭಾಗವೆಂದೇ ಒಪ್ಪಿಕೊಂಡು ವ್ಯವಸ್ಥೆ ಕಟ್ಟಬೇಕಾಗುತ್ತದೆ.

ಆಪರೇಟರ್ ನನ್ನನ್ನು ಸಲಹೆಗೆ ಕರೆದದ್ದು ಮಳೆಗಾಲದ ನಡುವೆ. ಅವರ ದೂರು ಸರಳವಾಗಿತ್ತು: ಇಪ್ಪತ್ತು ಗಂಟೆ ಬರುತ್ತದೆಂದು ಅಂಗಡಿಯವರು ಹೇಳಿ ಕೊಟ್ಟ ಬ್ಯಾಟರಿ ಮೂರು ಗಂಟೆಗೇ ಕೈಕೊಡುತ್ತಿದೆ, ಇನ್ನೊಂದು ಬ್ಯಾಟರಿ ಜೋಡಿಸಿದರೂ ಪ್ರಯೋಜನವಾಗಿಲ್ಲ, ಈಗ ಮೂರನೆಯದನ್ನು ತರಬೇಕೋ ಅಥವಾ ದೊಡ್ಡ ಇನ್ವರ್ಟರ್ ಕೊಳ್ಳಬೇಕೋ ಎಂಬುದನ್ನಷ್ಟೇ ತಿಳಿಸಿದರೆ ಸಾಕು.

ಕೋಣೆಯೊಳಗಿದ್ದದ್ದು

ಗೋಡೆಗೆ ಹೊಡೆದ ರ‍್ಯಾಕಿನಲ್ಲಿ ಎಂಟು ಪೋರ್ಟಿನ ಒಂದು ಜಿಪಾನ್ ಒಎಲ್‌ಟಿ (ಒಂದೇ ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ವ್ಯವಸ್ಥೆಯ ಮುಖ್ಯ ಪೆಟ್ಟಿಗೆ), ಒಂದು ರೂಟರ್, ಒಂದು ನೆಟ್‌ವರ್ಕ್ ಸ್ವಿಚ್ ಇದ್ದವು. ಜಿಪಾನ್ ವ್ಯವಸ್ಥೆಯ ದೊಡ್ಡ ಅನುಕೂಲವೆಂದರೆ, ಒಎಲ್‌ಟಿಯಿಂದ ಗ್ರಾಹಕರ ಮನೆಯವರೆಗಿನ ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗಳಿಗೆ ವಿದ್ಯುತ್ ಬೇಕಿಲ್ಲ. ಕಂಬಕ್ಕೆ ನೇತುಹಾಕಿದ ಡಬ್ಬಿಯೊಳಗಿನ ಗಾಜಿನ ಎಳೆಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಹೀಗಾಗಿ ಕರೆಂಟು ಬೇಕಾಗುವುದು ನೋಡ್‌ನಲ್ಲಿ ಮತ್ತು ಮನೆಯಲ್ಲಿ ಫೈಬರ್ ಬಂದು ಸೇರುವ ಒಎನ್‌ಯು ಪೆಟ್ಟಿಗೆಯಲ್ಲಿ ಮಾತ್ರ. ಹಳೆಯ ಕೇಬಲ್ ಟಿವಿಯ ಕಾಲದಲ್ಲಿ ಪ್ರತಿ ಕೆಲವು ಕಂಬಗಳಿಗೊಂದು ಆಂಪ್ಲಿಫೈಯರ್ ಇಟ್ಟು, ಅದಕ್ಕೆ ಯಾರದೋ ಮನೆಯಿಂದ ಕರೆಂಟು ಎಳೆದು ಪಟ್ಟ ಪಾಡನ್ನು ನೆನೆದರೆ ಇದು ದೊಡ್ಡ ಬಿಡುಗಡೆ.

ರ‍್ಯಾಕಿನ ಕೆಳಗೆ, ಮನೆಗಳಲ್ಲಿ ಬಳಸುವ ಬಗೆಯ 900 ವಿಎ ಇನ್ವರ್ಟರ್ ಹಾಗೂ ಅದಕ್ಕೆ ಸಮಾನಾಂತರವಾಗಿ ಜೋಡಿಸಿದ 12 ವೋಲ್ಟಿನ, ತಲಾ 150 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಎರಡು ಟ್ಯೂಬುಲರ್ ಬಗೆಯ ಸೀಸ-ಆಮ್ಲದ ಬ್ಯಾಟರಿಗಳು ಇದ್ದವು. ಒಂದು ಮೂರು ವರ್ಷ ಹಳೆಯದು, ಇನ್ನೊಂದು ಆ ವರ್ಷದ್ದು. ಹಳೆಯದಕ್ಕೆ ಹೊಸದನ್ನು ಸಮಾನಾಂತರವಾಗಿ ಕಟ್ಟುವ ರೂಢಿ ನಮ್ಮಲ್ಲಿ ಬಹಳ. ಹೊಸದು ಹಳೆಯದಕ್ಕೆ ಆಸರೆಯಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ, ಆದರೆ ಒಳಗೆ ಸೋರಿಕೆಯಿರುವ ಹಳೆಯ ಬ್ಯಾಟರಿ ಹೊಸದರ ಚಾರ್ಜನ್ನೂ ಸದಾ ಎಳೆದುಕೊಂಡು ಅದನ್ನೂ ತನ್ನ ಮಟ್ಟಕ್ಕೆ ಇಳಿಸುತ್ತದೆ.

ಮೊದಲು ಅಳೆಯಬೇಕಾದದ್ದು ಉಪಕರಣಗಳ ನಿಜವಾದ ಖರ್ಚು. ಅಡಾಪ್ಟರುಗಳ ಮೇಲೆ ಬರೆದ ಅಂಕಿಗಳನ್ನು ಕೂಡಿದರೆ 180 ವ್ಯಾಟ್ ದಾಟುತ್ತಿತ್ತು, ಪ್ಲಗ್ಗಿಗೆ ಸಿಕ್ಕಿಸುವ ಮೀಟರ್ ತೋರಿಸಿದ್ದು 85 ವ್ಯಾಟ್. ಅಡಾಪ್ಟರಿನ ಮೇಲಿನ ಅಂಕಿ ಅದು ಕೊಡಬಲ್ಲ ಗರಿಷ್ಠವನ್ನು ಹೇಳುತ್ತದೆಯೇ ಹೊರತು ಉಪಕರಣ ಬಳಸುವುದನ್ನಲ್ಲ. ಅಂಗಡಿಯವರ ಲೆಕ್ಕ ಇಲ್ಲಿಂದಲೇ ಹೊರಟಿತ್ತು: 12 ವೋಲ್ಟ್, 150 ಎಎಚ್ ಎಂದರೆ 1800 ವ್ಯಾಟ್-ಗಂಟೆ, ಅದನ್ನು 85ರಿಂದ ಭಾಗಿಸಿದರೆ 21 ಗಂಟೆ. ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆದರೆ ಮೈನ್ಸ್ (ಲೈನಿನಿಂದ ಬರುವ ಕರೆಂಟು) ತೆಗೆದು ಬ್ಯಾಟರಿಯ ತಂತಿಗೆ ಡಿಸಿ ಕ್ಲಾಂಪ್ ಮೀಟರ್ ಹಾಕಿದಾಗ ಹತ್ತು ಆಂಪಿಯರ್ ಹರಿಯುತ್ತಿತ್ತು. ಹನ್ನೆರಡು ವೋಲ್ಟಿನಲ್ಲಿ ಅದು 120 ವ್ಯಾಟ್. ಉಪಕರಣ ಪಡೆಯುತ್ತಿರುವುದು 85, ಬ್ಯಾಟರಿ ಕೊಡುತ್ತಿರುವುದು 120. ನಡುವಿನ 35 ವ್ಯಾಟ್ ಇನ್ವರ್ಟರಿನ ಬಿಸಿಯಾಗಿ ಹೋಗುತ್ತಿತ್ತು. ಮನೆಯ ಇನ್ವರ್ಟರುಗಳು ಮೂರು ಫ್ಯಾನು, ನಾಲ್ಕು ದೀಪಗಳಂಥ ಹೊರೆಗೆ ತಯಾರಾದವು. ಸಣ್ಣ ಹೊರೆಯಲ್ಲಿ ಅವುಗಳ ಸ್ವಂತ ಖರ್ಚೇ ಎದ್ದು ಕಾಣುತ್ತದೆ. ಇದರ ಜೊತೆಗೆ, ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು 230 ವೋಲ್ಟ್ ಎಸಿಗೆ ಏರಿಸಿ, ಅದನ್ನೇ ಅಡಾಪ್ಟರಿನಲ್ಲಿ ಮತ್ತೆ 12 ವೋಲ್ಟ್ ಡಿಸಿಗೆ ಇಳಿಸುವ ಸುತ್ತುಬಳಸು ದಾರಿಯಲ್ಲಿ ಎರಡೂ ಕಡೆ ಸುಂಕ ತೆರಬೇಕಾಗುತ್ತದೆ. ಇಷ್ಟಾದರೂ, ಪೂರ್ತಿ ಚಾರ್ಜ್ ಆದ ಒಂದು ಹೊಸ ಬ್ಯಾಟರಿ ಹದಿಮೂರು-ಹದಿನಾಲ್ಕು ಗಂಟೆ ಬಾಳಬೇಕಿತ್ತು. ಮೂರು ಗಂಟೆಯ ರಹಸ್ಯ ಇನ್ನೂ ಉಳಿದೇ ಇತ್ತು.

ದೀಪ ಉರಿಯುತ್ತಿದ್ದಾಗಲೇ ಖಾಲಿಯಾಗುವ ಬ್ಯಾಟರಿ

ಸಂಜೆ ಏಳರ ಹೊತ್ತಿಗೆ ಕೋಣೆಯಲ್ಲಿ ಬಲ್ಬು ಉರಿಯುತ್ತಿತ್ತು, ಪಕ್ಕದ ಕಚೇರಿಯಲ್ಲಿ ಫ್ಯಾನು ನಿಧಾನವಾಗಿಯಾದರೂ ತಿರುಗುತ್ತಿತ್ತು, ಆದರೆ ಕ್ಲಾಂಪ್ ಮೀಟರ್ ಬ್ಯಾಟರಿಯಿಂದ ಹತ್ತು ಆಂಪಿಯರ್ ಹೊರಹೋಗುತ್ತಿರುವುದನ್ನು ತೋರಿಸುತ್ತಿತ್ತು. ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟರೆ 168 ವೋಲ್ಟ್. ಇನ್ವರ್ಟರಿನ ಹಿಂಬದಿಯಲ್ಲಿ ಎರಡು ಸ್ಥಾನಗಳ ಒಂದು ಸಣ್ಣ ಸ್ವಿಚ್ ಇರುತ್ತದೆ: ಸಾಮಾನ್ಯ ಮೋಡ್ ಮತ್ತು ಯುಪಿಎಸ್ ಮೋಡ್. ಸಾಮಾನ್ಯ ಮೋಡ್‌ನಲ್ಲಿ ಇನ್ವರ್ಟರ್ ಸುಮಾರು 100ರಿಂದ 290 ವೋಲ್ಟಿನವರೆಗಿನ ಮೈನ್ಸನ್ನು ಒಪ್ಪಿಕೊಳ್ಳುತ್ತದೆ. ಯುಪಿಎಸ್ ಮೋಡ್‌ನಲ್ಲಿ ಅದು ನಾಜೂಕಾಗಿ ವರ್ತಿಸಿ, ವೋಲ್ಟೇಜ್ 180ರ ಆಸುಪಾಸಿಗಿಂತ ಕೆಳಗಿಳಿದರೆ ಕರೆಂಟೇ ಇಲ್ಲವೆಂದು ತೀರ್ಮಾನಿಸಿ ಹೊರೆಯನ್ನು ಬ್ಯಾಟರಿಗೆ ಹೊರಿಸುತ್ತದೆ.

ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿಟ್ಟವರು ಆಪರೇಟರಿನ ಬಳಿ ಕೆಲಸ ಮಾಡುವ ಹುಡುಗ. ಅವನ ಕಾರಣ ಸರಿಯಾಗಿಯೇ ಇತ್ತು. ಸಾಮಾನ್ಯ ಮೋಡ್‌ನಲ್ಲಿ ಮೈನ್ಸ್‌ನಿಂದ ಬ್ಯಾಟರಿಗೆ ದಾಟುವ ಸಮಯ ಹೆಚ್ಚು. ಉಪಕರಣಗಳೊಳಗಿನ ಪವರ್ ಸಪ್ಲೈ ವಿದ್ಯುತ್ ಇಲ್ಲದೆ ತಡೆದುಕೊಳ್ಳುವುದು ಸಾಮಾನ್ಯವಾಗಿ ಇಪ್ಪತ್ತು ಮಿಲಿಸೆಕೆಂಡಿನಷ್ಟು. ಅದನ್ನು ಮೀರಿದರೆ ಒಎಲ್‌ಟಿ ರೀಬೂಟ್ ಆಗಿ, ಅದು ಎದ್ದು ಎಲ್ಲ ಒಎನ್‌ಯುಗಳನ್ನು ಮತ್ತೆ ನೋಂದಾಯಿಸಿಕೊಳ್ಳುವವರೆಗೆ ಹಲವು ನಿಮಿಷ ಇಡೀ ಊರಿಗೆ ನೆಟ್ ಇರುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಬರುವ ಕರೆಂಟಿಗೆ ಹೆದರಿ ಆತ ಆ ಸ್ವಿಚ್ಚನ್ನು ತಿರುಗಿಸಿದ್ದ. ಒಂದು ರೋಗಕ್ಕೆ ಕೊಟ್ಟ ಮದ್ದು, ಸಂಜೆ ಆರೂವರೆಯಿಂದ ಹತ್ತರವರೆಗಿನ ಲೋ ವೋಲ್ಟೇಜಿನಲ್ಲಿ ಬ್ಯಾಟರಿಯನ್ನು ಬರಿದು ಮಾಡುವ ಇನ್ನೊಂದು ರೋಗಕ್ಕೆ ದಾರಿಯಾಗಿತ್ತು.

ಕರೆಂಟು ನಿಜವಾಗಿ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ತಿಳಿಯಲು ದುಬಾರಿ ಸಲಕರಣೆ ಬೇಕಾಗಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಒಂದನ್ನು ಇನ್ವರ್ಟರಿನ ಹಂಗಿಲ್ಲದೆ ನೇರ ಮೈನ್ಸಿಗೆ ಜೋಡಿಸಿ, ಅದರ ಕೇಬಲ್ಲನ್ನು ರೂಟರಿನ ಬಿಡುವಿದ್ದ ಪೋರ್ಟಿಗೆ ಸಿಕ್ಕಿಸಲಾಯಿತು. ಮೈನ್ಸ್ ಹೋದರೆ ಪೋರ್ಟ್ ಆರುತ್ತದೆ, ಬಂದರೆ ಹತ್ತುತ್ತದೆ, ರೂಟರಿನ ಲಾಗ್‌ನಲ್ಲಿ ಎರಡೂ ಗಳಿಗೆಗಳು ದಾಖಲಾಗುತ್ತವೆ. ವೋಲ್ಟೇಜನ್ನು ಮಾತ್ರ ಸಂಘದ ಗುಮಾಸ್ತರೊಬ್ಬರು ಗಂಟೆಗೊಮ್ಮೆ ನೋಡಿ, ರಸಗೊಬ್ಬರದ ದಾಸ್ತಾನು ಬರೆಯುವ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಟ್ಟರು.

ಮಳೆ ಜೋರಾಗಿದ್ದ ವಾರಗಳಲ್ಲಿ ದಿನಕ್ಕೆ ಸರಾಸರಿ ಹತ್ತು ಗಂಟೆ ಕರೆಂಟು ಇರುತ್ತಿತ್ತು, ಅದೂ ತುಂಡುತುಂಡಾಗಿ. ಆ ಹತ್ತರಲ್ಲಿ ಸಂಜೆಯ ಕೆಲವು ಗಂಟೆಗಳು ಲೋ ವೋಲ್ಟೇಜಿನವು. ಈಗ ಬ್ಯಾಟರಿಯನ್ನು ಅಡಿಕೆ ಮಂಡಿಯ ಖಾತೆ ಪುಸ್ತಕದಂತೆ ಜಮಾ-ಖರ್ಚು ಬರೆದು ನೋಡೋಣ. ಸಂಜೆಯ ಲೋ ವೋಲ್ಟೇಜನ್ನು ಸದ್ಯಕ್ಕೆ ಬಿಟ್ಟರೂ, ಹದಿನಾಲ್ಕು ಗಂಟೆ ಹತ್ತು ಆಂಪಿಯರಿನಂತೆ ಖರ್ಚು 140 ಎಎಚ್. ಕರೆಂಟಿದ್ದ ಹತ್ತು ಗಂಟೆಯಲ್ಲಿ ಇನ್ವರ್ಟರಿನ ಚಾರ್ಜರ್ ಕೊಡುವುದು, ವೋಲ್ಟೇಜ್ ಚೆನ್ನಾಗಿದ್ದರೆ ಹನ್ನೆರಡು ಆಂಪಿಯರ್, ಇಲ್ಲದಿದ್ದರೆ ಅದರ ಅರ್ಧ. ಸರಾಸರಿ ಒಂಬತ್ತು ಎಂದಿಟ್ಟುಕೊಂಡರೆ 90 ಎಎಚ್ ಒಳಗೆ ಹೋಗುತ್ತದೆ. ಆದರೆ ಸೀಸ-ಆಮ್ಲದ ಬ್ಯಾಟರಿಯಲ್ಲಿ ತುಂಬಿದ್ದೆಲ್ಲ ಹಿಂದಕ್ಕೆ ಬರುವುದಿಲ್ಲ, ಶೇಕಡಾ ಹದಿನೈದರಷ್ಟು ಚಾರ್ಜಿನ ಕ್ರಿಯೆಯಲ್ಲಿಯೇ ಕಳೆದುಹೋಗುತ್ತದೆ. ಉಳಿದದ್ದು 76. ದಿನವೊಂದಕ್ಕೆ 64 ಎಎಚ್ ಕೊರತೆ. ಇಂಥ ಖಾತೆಗೆ ಎರಡನೆಯ ಬ್ಯಾಟರಿ ಸೇರಿಸಿದಾಗ ಮುಳುಗುವ ದಿನ ಸ್ವಲ್ಪ ಮುಂದಕ್ಕೆ ಹೋಯಿತು, ಅಷ್ಟೇ. ಆಮೇಲೆ ಅದೇ ಹನ್ನೆರಡು ಆಂಪಿಯರ್ ಎರಡಕ್ಕೆ ಹಂಚಿಹೋಗಿ, ಎರಡೂ ಬ್ಯಾಟರಿಗಳು ಎಂದೂ ಪೂರ್ತಿ ತುಂಬದ ಸ್ಥಿತಿಗೆ ಬಂದವು.

ಹೈಡ್ರೋಮೀಟರ್ ಇದನ್ನೇ ಹೇಳಿತು. ತುಂಬಿದ ಟ್ಯೂಬುಲರ್ ಬ್ಯಾಟರಿಯ ಆಮ್ಲದ ಸಾಂದ್ರತೆ 1.240ರ ಸುತ್ತ ಇರಬೇಕು. ಹೊಸದರಲ್ಲಿ 1.160 ಇತ್ತು, ಹಳೆಯದರ ಒಂದು ಸೆಲ್ಲಿನಲ್ಲಿ 1.120. ಅರೆಹೊಟ್ಟೆಯಲ್ಲಿಯೇ ತಿಂಗಳುಗಟ್ಟಲೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದರ ಸಾಮರ್ಥ್ಯ ಮೊದಲಿನ ಮಟ್ಟಕ್ಕೆ ಬರುವುದಿಲ್ಲ. ಬ್ಯಾಕಪ್ ಬಗ್ಗೆ ಮಾತನಾಡುವಾಗ ನಾವೆಲ್ಲ ಕೇಳುವ ಮೊದಲ ಪ್ರಶ್ನೆ, ಕರೆಂಟು ಹೋದರೆ ಎಷ್ಟು ಗಂಟೆ ಬರುತ್ತದೆ ಎಂಬುದು. ಮಲೆನಾಡಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದದ್ದು, ಕರೆಂಟು ಇದ್ದ ಹೊತ್ತಿನಲ್ಲಿ ಎಷ್ಟು ತುಂಬಿಕೊಳ್ಳುತ್ತದೆ ಎಂಬುದು. ಈ ಪ್ರಕರಣದ ಎಲ್ಲ ತೀರ್ಮಾನಗಳೂ ಆ ಪ್ರಶ್ನೆಯಿಂದಲೇ ಹೊರಟವು.

ನಡುದಾರಿಯ ಪೆಟ್ಟಿಗೆ

ನೋಡ್‌ನ ಲೆಕ್ಕ ಹಾಕುತ್ತಿರುವಾಗಲೇ ಇನ್ನೊಂದು ತೊಡಕು ತಿಳಿಯಿತು. ನೋಡ್‌ಗೆ ಇಂಟರ್ನೆಟ್ ತರುವ ಫೈಬರ್ ರಸ್ತೆ ಬಳಸಿ ಬರುವುದರಿಂದ ಅದರ ಉದ್ದ 26 ಕಿಲೋಮೀಟರ್. ಇದ್ದ ಎಸ್‌ಎಫ್‌ಪಿ ಮಾಡ್ಯೂಲುಗಳು (ಫೈಬರಿನಲ್ಲಿ ಬೆಳಕನ್ನು ಕಳುಹಿಸುವ, ಹಿಡಿಯುವ ಸಣ್ಣ ಬಿಡಿಭಾಗಗಳು) 20 ಕಿಲೋಮೀಟರಿನವು ಎಂಬ ಕಾರಣಕ್ಕೆ, ನಡುದಾರಿಯ ತೋಟದ ಮನೆಯೊಂದರ ಜಗಲಿಯಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ ಇಟ್ಟು ಬೆಳಕನ್ನು ಹಿಡಿದು ಮತ್ತೆ ಮುಂದಕ್ಕೆ ಕಳುಹಿಸಲಾಗುತ್ತಿತ್ತು. ಅದಕ್ಕೆ ಕರೆಂಟು ಆ ಮನೆಯ ಇನ್ವರ್ಟರಿನದು. ನೋಡ್ ಚೆನ್ನಾಗಿ ಓಡುತ್ತಿದ್ದರೂ ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ನೆಟ್ ಹೋಗುತ್ತಿದ್ದುದಕ್ಕೆ ಕಾರಣ ಈ ಪೆಟ್ಟಿಗೆ. ಮೋಡ ಕಟ್ಟಿದ ಕೂಡಲೇ ಮನೆಯವರು ಮೈನ್ ಸ್ವಿಚ್, ಇನ್ವರ್ಟರ್ ಎರಡನ್ನೂ ಆಫ್ ಮಾಡುತ್ತಿದ್ದರು. ಕೇಳಲು ಹೋದ ಹುಡುಗನಿಗೆ ಆ ಮನೆಯ ಅಮ್ಮ, "ಅಲ್ಲ ಮಾರಾಯಾ, ಸಿಡಿಲು ಹೊಡೆಯೋವಾಗ ಮೈನ್ ತೆಗೀದೆ ಇನ್ನೇನು ಮಾಡೂದು? ಹೋದ ವರ್ಷ ಟಿವಿ, ಪಂಪಿನ ಸ್ಟಾರ್ಟರು ಎರಡೂ ಸುಟ್ಟುಹೋಗಿವೆ" ಎಂದರಂತೆ. ಅವರ ಮಾತಿಗೆ ಎದುರಾಡುವಂತಿರಲಿಲ್ಲ.

ಅಲ್ಲಿಗೊಂದು ಪ್ರತ್ಯೇಕ ಬ್ಯಾಟರಿ ಇಡುವ ಯೋಚನೆ ಆಪರೇಟರಿಗಿತ್ತು. ಅದರ ಬದಲು, ನಡುವೆ ಸ್ವಿಚ್ ಇಲ್ಲದೆ ಎರಡೂ ಕಡೆಯ ಎಳೆಗಳನ್ನು ನೇರವಾಗಿ ಬೆಸೆದು, ಪವರ್ ಮೀಟರಿನಿಂದ ನಷ್ಟ ಅಳೆಯಲಾಯಿತು. 1550 ನ್ಯಾನೊಮೀಟರ್ ತರಂಗದಲ್ಲಿ ಫೈಬರ್ ತಾನಾಗಿ ಕಳೆದುಕೊಳ್ಳುವುದು ಕಿಲೋಮೀಟರಿಗೆ ಕಾಲು ಡಿಬಿಗಿಂತ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ಕಡಿಮೆ. ಮಳೆಗಾಲಗಳಲ್ಲಿ ತುಂಡಾಗಿ ಬೆಸೆದ ಜಾಗಗಳೆಲ್ಲ ಸೇರಿ ಒಟ್ಟು ನಷ್ಟ ಹನ್ನೊಂದು ಡಿಬಿಯ ಸುತ್ತ ಬಂದಿತು. 40 ಕಿಲೋಮೀಟರಿನ ಮಾಡ್ಯೂಲ್ ಜೋಡಿ ಇದನ್ನು ಆರಾಮವಾಗಿ ದಾಟಿ, ಮುಂದಿನ ಕೆಲವು ಬೆಸುಗೆಗಳಿಗೂ ಅಂಚು ಉಳಿಸಿಕೊಡುತ್ತದೆ. ಒಂದು ಸಣ್ಣ ಬ್ಯಾಟರಿಗಿಂತಲೂ ಕಡಿಮೆ ಬೆಲೆಗೆ ಜಗಲಿಯ ಪೆಟ್ಟಿಗೆ ಮನೆಗೆ ಮರಳಿತು. ಬ್ಯಾಕಪ್ ಯೋಜನೆ ಬರೆಯುವಾಗ ಬ್ಯಾಟರಿಗಳ ಪಟ್ಟಿ ಮಾಡುವ ಮೊದಲು, ವಿದ್ಯುತ್ ಬೇಡುವ ಯಾವ ಉಪಕರಣವನ್ನು ದಾರಿಯಿಂದಲೇ ತೆಗೆದುಹಾಕಬಹುದು ಎಂದು ನೋಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಲಾಭದ ಕೆಲಸ.

ಆಯ್ಕೆಗಳು

ಆಪರೇಟರ್ ಮೊದಲು ಬಯಸಿದ್ದು, ಕರೆಂಟಿದ್ದಾಗಲೂ ಹೊರೆಯನ್ನು ತನ್ನ ಇನ್ವರ್ಟರಿನಿಂದಲೇ ನಡೆಸುವ ಆನ್‌ಲೈನ್ ಯುಪಿಎಸ್. ಅದರಲ್ಲಿ ದಾಟುವ ಸಮಯವೇ ಇರುವುದಿಲ್ಲ ಎಂಬುದು ನಿಜ. ಆದರೆ ಹೊರೆ ಚಿಕ್ಕದಿದ್ದಾಗ ಅದರ ಸ್ವಂತ ಖರ್ಚು ಮನೆಯ ಇನ್ವರ್ಟರಿಗಿಂತಲೂ ಹೆಚ್ಚು, ಕರೆಂಟಿದ್ದಾಗಲೂ ಅದು ತಿನ್ನುತ್ತಲೇ ಇರುತ್ತದೆ. ಸೌರ ಫಲಕದ ಮಾತೂ ಬಂತು. ವರ್ಷದ ಎಂಟು ತಿಂಗಳು ಅದು ಚೆನ್ನಾಗಿಯೇ ನಡೆಯುತ್ತದೆ, ಆದರೆ ಬ್ಯಾಕಪ್ ನಿಜವಾಗಿ ಬೇಕಾಗುವ ನಾಲ್ಕು ತಿಂಗಳು ಅಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ. ಸ್ಟೆಬಿಲೈಸರ್ ಹಾಕಿ 168 ವೋಲ್ಟನ್ನು 220ಕ್ಕೆ ಏರಿಸುವುದು ಅಗ್ಗದ ದಾರಿ. ಸಂಜೆಯ ಸೋರಿಕೆ ಅದರಿಂದ ನಿಲ್ಲುತ್ತದೆ, ಕೈಯಲ್ಲಿ ಹಣವಿಲ್ಲದ ನೋಡ್‌ಗಳಿಗೆ ನಾನು ಈಗಲೂ ಅದನ್ನೇ ಮೊದಲು ಹೇಳುತ್ತೇನೆ. ಆದರೆ ಇಲ್ಲಿ ಚಾರ್ಜಿನ ವೇಗ ಮತ್ತು ಪರಿವರ್ತನೆಯ ನಷ್ಟ ಹಾಗೆಯೇ ಉಳಿಯುತ್ತಿದ್ದವು.

ಕೊನೆಗೆ ಆರಿಸಿದ್ದು ದೂರವಾಣಿ ಕೇಂದ್ರಗಳ ಹಳೆಯ ಪದ್ಧತಿಯಾದ 48 ವೋಲ್ಟ್ ಡಿಸಿ. ಮೈನ್ಸ್, ಎಸಿಯನ್ನು ಡಿಸಿಗೆ ಬದಲಿಸುವ ಒಂದು ರೆಕ್ಟಿಫೈಯರಿಗೆ ಬರುತ್ತದೆ, ರೆಕ್ಟಿಫೈಯರ್, ಬ್ಯಾಟರಿ ಮತ್ತು ಉಪಕರಣಗಳು ಮೂರೂ ಒಂದೇ ಡಿಸಿ ತಂತಿಗೆ ಸೇರಿರುತ್ತವೆ. ಮೈನ್ಸ್ ಹೋದಾಗ ಯಾವ ರಿಲೇಯೂ ಬಡಿಯಬೇಕಿಲ್ಲ, ಬ್ಯಾಟರಿ ಸದಾ ಜೋಡಿಸಿಕೊಂಡೇ ಇರುವುದರಿಂದ ಉಪಕರಣಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ. ನಮ್ಮ ದೇಶದ ಮೊಬೈಲ್ ಟವರುಗಳಿಗೆಂದು ತಯಾರಾಗುವ ರೆಕ್ಟಿಫೈಯರುಗಳು ಸುಮಾರು 90ರಿಂದ 300 ವೋಲ್ಟಿನವರೆಗೆ ಕೆಲಸ ಮಾಡುತ್ತವೆ, ಹಾಗಾಗಿ 168 ವೋಲ್ಟ್ ಎಂಬುದು ಅವಕ್ಕೆ ಲೆಕ್ಕಕ್ಕೇ ಇಲ್ಲ. ಒಎಲ್‌ಟಿಯಲ್ಲಿ ಎರಡನೆಯ ಪವರ್ ಸಪ್ಲೈಗೆ ಖಾಲಿ ಜಾಗವಿತ್ತು, ಅಲ್ಲಿಗೆ 48 ವೋಲ್ಟಿನ ಡಿಸಿ ಮಾಡ್ಯೂಲ್ ಕೂಡಿಸಲಾಯಿತು.

ಬ್ಯಾಟರಿಗೆ 51.2 ವೋಲ್ಟಿನ, 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಆಯ್ಕೆಯಾಯಿತು. 3.2 ವೋಲ್ಟಿನ ಹದಿನಾರು ಸೆಲ್ಲುಗಳು ಸಾಲಾಗಿ ಇರುವ ಇದರ ಬೆಲೆ ಲಕ್ಷದ ಆಸುಪಾಸು, ಆಪರೇಟರಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಲಿಥಿಯಂ ಬೇಕೆಂದು ನಾನು ಪಟ್ಟು ಹಿಡಿದದ್ದು ಅದರ ಆಯುಸ್ಸಿಗಾಗಿ ಅಲ್ಲ, ಅದು ಬೇಗ ತುಂಬುತ್ತದೆ ಎಂಬುದಕ್ಕಾಗಿ. ಜೊತೆಗೆ, ಅರ್ಧ ತುಂಬಿದ ಸ್ಥಿತಿಯಲ್ಲಿ ತಿಂಗಳಿದ್ದರೂ ಇದಕ್ಕೆ ಸಲ್ಫೇಟ್ ಕಟ್ಟುವ ಕಾಟವಿಲ್ಲ. ಹೊಸ ಜೋಡಣೆಯಲ್ಲಿ ಬ್ಯಾಟರಿಯಿಂದ ಹರಿದದ್ದು 1.65 ಆಂಪಿಯರ್, ಅಂದರೆ 85 ವ್ಯಾಟ್. ಹಳೆಯ 120ರಲ್ಲಿ 35 ಉಳಿಯಿತು. ಹದಿನಾಲ್ಕು ಗಂಟೆಯ ಖರ್ಚು 23 ಎಎಚ್. ರೆಕ್ಟಿಫೈಯರ್ ಹದಿನೈದು ಆಂಪಿಯರಿನಂತೆ ತುಂಬಿದರೆ ಅದು ಒಂದೂವರೆ ಗಂಟೆಯಲ್ಲಿ ವಾಪಸು. ಹಳೆಯ ವ್ಯವಸ್ಥೆಗೆ ಹತ್ತು ಗಂಟೆಯಲ್ಲಿಯೂ ಆಗದಿದ್ದ ಕೆಲಸ ಇದು. ಚಾರ್ಜನ್ನು ಇನ್ನೂ ಏರಿಸಬಹುದಿತ್ತು, ಆದರೆ ಸಂಜೆಯ ಬಡಕಲು ಲೈನಿನಿಂದ ಅಷ್ಟು ಎಳೆದರೆ ಅಕ್ಕಪಕ್ಕದವರ ದೀಪ ಇನ್ನಷ್ಟು ಮಂಕಾಗುತ್ತದೆ ಎಂಬ ಕಾರಣಕ್ಕೆ ಹದಿನೈದಕ್ಕೇ ನಿಲ್ಲಿಸಲಾಯಿತು. ಪೂರ್ತಿ ತುಂಬಿದ ಪ್ಯಾಕಿನ 90 ಎಎಚ್ ಬಳಸಿದರೂ ನೋಡ್ ಎರಡು ದಿನಕ್ಕೂ ಮೇಲೆ ಓಡುತ್ತದೆ.

ಜೋಡಣೆಯಲ್ಲಿ ಎಚ್ಚರ ಬೇಕಾದ ಕಡೆಗಳು

ದೂರವಾಣಿ ಪದ್ಧತಿಯಲ್ಲಿ 48 ವೋಲ್ಟಿನ ಧನ ತುದಿಯನ್ನು ಭೂಮಿಗೆ ಜೋಡಿಸುತ್ತಾರೆ. ನೆಲದಲ್ಲಿ ಹೂತ ತಾಮ್ರದ ತಂತಿಗಳು ವಿದ್ಯುದ್ವಿಭಜನೆಯಿಂದ ಸವೆಯದಿರಲಿ ಎಂದು ಹುಟ್ಟಿಕೊಂಡ ರೂಢಿ ಇದು. ಆದರೆ ಸಣ್ಣ ರೂಟರು, ಸ್ವಿಚ್ಚುಗಳಲ್ಲಿ ಹೆಚ್ಚಿನವು ಋಣ ತುದಿಯನ್ನೇ ತಮ್ಮ ಲೋಹದ ಮೈಗೆ ಸೇರಿಸಿಕೊಂಡಿರುತ್ತವೆ. ಧನ ತುದಿ ಭೂಮಿಗೆ ಸೇರಿದ ತಂತಿಗೆ ಇಂಥ ರೂಟರನ್ನು ನೇರವಾಗಿ ಜೋಡಿಸಿ, ಅದರ ಮೈಯನ್ನು ಭೂಮಿಗೆ ಸೇರಿದ ರ‍್ಯಾಕಿಗೆ ಬಿಗಿದರೆ ಬ್ಯಾಟರಿಯೇ ಶಾರ್ಟ್ ಆಗುತ್ತದೆ. 10ರಿಂದ 57 ವೋಲ್ಟ್ ಎಂದು ಮೈಮೇಲೆ ಬರೆದಿರುವುದನ್ನು ನಂಬಿ ಹಾಗೆ ಜೋಡಿಸುವವರಿದ್ದಾರೆ. ಇಲ್ಲಿ ರೂಟರಿಗೂ ಸ್ವಿಚ್ಚಿಗೂ ಒಳ-ಹೊರಗಳು ಪರಸ್ಪರ ಬೇರ್ಪಟ್ಟಿರುವ ಬಗೆಯ 48ರಿಂದ 12 ವೋಲ್ಟಿನ ಪರಿವರ್ತಕ ಹಾಕಲಾಯಿತು. ಅಗ್ಗದ, ಬೇರ್ಪಡಿಸದ ಪರಿವರ್ತಕವೂ ನೋಡಲು ಹಾಗೆಯೇ ಇರುತ್ತದೆ. ಕೊಳ್ಳುವ ಮುನ್ನ ಒಳಗಿನ ಋಣಕ್ಕೂ ಹೊರಗಿನ ಋಣಕ್ಕೂ ನಡುವೆ ಮಲ್ಟಿಮೀಟರ್ ಹಿಡಿದು, ಅದು ಬೀಪ್ ಎನ್ನದಿದ್ದರೆ ಮಾತ್ರ ತರಬೇಕು.

ಎಸಿಗೆ ಬಳಸುವ ಸಾಮಾನ್ಯ ಎಂಸಿಬಿಯನ್ನು (ಮಿತಿ ಮೀರಿದಾಗ ತಾನೇ ಕಡಿಯುವ ಸ್ವಿಚ್) ಡಿಸಿ ತಂತಿಗೆ ಹಾಕಬಾರದು. ಎಸಿ ಪ್ರತಿ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಆ ಬಿಡುವಿಲ್ಲ. ಡಿಸಿಗೆಂದೇ ತಯಾರಾದ ಎಂಸಿಬಿ, ಬ್ಯಾಟರಿಯ ಬುಡದಲ್ಲಿಯೇ ಒಂದು ಫ್ಯೂಸ್, ಇಷ್ಟು ಅನಿವಾರ್ಯ. ಚಾರ್ಜಿನ ವೋಲ್ಟೇಜನ್ನು ಸೆಲ್ಲಿಗೆ 3.4ರಂತೆ 54.4ಕ್ಕೆ ಇರಿಸಲಾಯಿತು. ಕೊನೆಯ ಹನಿಯವರೆಗೆ ತುಂಬಲು ಇನ್ನೂ ಏರಿಸುವ ಅಗತ್ಯವಿರಲಿಲ್ಲ. ಇಳಿಯುವಾಗ 49 ವೋಲ್ಟಿನಲ್ಲಿ ಸಿಸಿಟಿವಿಯಂಥ ಅನಗತ್ಯ ಹೊರೆ, 46.5ರಲ್ಲಿ ಉಳಿದದ್ದು ಕಡಿತವಾಗುವಂತೆ ಹೊಂದಿಸಲಾಯಿತು. ಪ್ಯಾಕಿನ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಒಳಗಿನ ಸರ್ಕ್ಯೂಟ್) ತಾನೇ ಬಾಗಿಲು ಮುಚ್ಚುವ ಹಂತಕ್ಕೆ ಹೋದರೆ, ಅದನ್ನು ಮತ್ತೆ ಎಬ್ಬಿಸಲು ಕೆಲವೊಮ್ಮೆ ಮನುಷ್ಯರೇ ಅಲ್ಲಿಗೆ ಹೋಗಬೇಕಾಗುತ್ತದೆ. ಇನ್ನೊಂದು ಮಾತು: ಲಿಥಿಯಂ ಪ್ಯಾಕಿನ ವೋಲ್ಟೇಜ್ ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿದ್ದು ಕೊನೆಯಲ್ಲಿ ಥಟ್ಟನೆ ಕುಸಿಯುವುದರಿಂದ, ಎಷ್ಟು ಉಳಿದಿದೆ ಎಂದು ವೋಲ್ಟೇಜ್ ನೋಡಿ ಹೇಳಲಾಗದು. ಬಿಎಂಎಸ್ ಎಣಿಸುವ ಎಎಚ್ ಲೆಕ್ಕವನ್ನೇ ರೂಟರ್ ಮೂಲಕ ಆಪರೇಟರಿನ ಫೋನಿಗೆ ತಲುಪಿಸಲಾಯಿತು.

ಸಿಡಿಲಿನ ವಿಷಯದಲ್ಲಿ ಮಾಡಿದ್ದು ಮೂರು ಕೆಲಸ. ಕಟ್ಟಡಕ್ಕೆ ಮೈನ್ಸ್ ಬರುವಲ್ಲಿ ಸರ್ಜ್ ತಡೆ, ಅದರ ಭೂಮಿ ತಂತಿ ಮೊಳದುದ್ದಕ್ಕಿಂತ ಹೆಚ್ಚಿಲ್ಲದಂತೆ. ಬೇಸಿಗೆಯಲ್ಲಿ ಒಣಗಿ ಕಲ್ಲಾಗುವ ಜಂಬಿಟ್ಟಿಗೆ ನೆಲದಲ್ಲಿ ಒಂದೇ ಅರ್ಥ್ ಗುಂಡಿ ಸಾಲದೆಂದು ಎರಡನೆಯದನ್ನು ತೋಡಿ, ಎರಡನ್ನೂ ರ‍್ಯಾಕಿನೊಂದಿಗೆ ಒಂದೇ ಕಡೆ ಸೇರಿಸಿದ್ದು. ಮತ್ತು ಸಂಘದ ಕಚೇರಿಗೆ ಅಂಗಳದ ಮೇಲಿನಿಂದ ಹೋಗಿದ್ದ ತಾಮ್ರದ ಕೇಬಲ್ ಕಿತ್ತು ಅಲ್ಲಿಗೂ ಫೈಬರ್ ಎಳೆದದ್ದು. ಹಿಂದೆ ಸುಟ್ಟ ಪೋರ್ಟುಗಳೆಲ್ಲ ಆ ಕೇಬಲ್ಲಿನ ತುದಿಯವೇ ಆಗಿದ್ದವು. ರೆಕ್ಟಿಫೈಯರಿನ ಗಾಳಿ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿಯನ್ನೂ ಹಚ್ಚಲಾಯಿತು. ಹಳೆಯ ಇನ್ವರ್ಟರನ್ನು ಬಿಚ್ಚಿದಾಗ ರಿಲೇಯ ಪಕ್ಕದಲ್ಲಿ ಇರುವೆಗಳ ಗೂಡು ಮತ್ತು ಸರ್ಕ್ಯೂಟ್ ಹಲಗೆಗೆ ಅಂಟಿ ಒಣಗಿದ ಒಂದು ಹಲ್ಲಿ ಸಿಕ್ಕಿದ್ದವು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಜೀವಿಗಳಿಗೆ ನೋಡ್ ಕೋಣೆಗಿಂತ ಸುಖದ ತಾಣ ಸಿಗದು.

ನಂತರದ ಮಳೆಗಾಲ

ಹೊಸ ವ್ಯವಸ್ಥೆಯ ಮೊದಲ ಮಳೆಗಾಲದಲ್ಲಿಯೇ ದೊಡ್ಡ ಮರವೊಂದು ಬಿದ್ದು, ಕಂಬಗಳು ಸಾಲಾಗಿ ಉರುಳಿ, ಮೂರು ದಿನ ಕರೆಂಟು ಬರಲಿಲ್ಲ. ಇಂಥ ಹೊತ್ತಿಗೆಂದು 2 ಕೆವಿಎ ಪೆಟ್ರೋಲ್ ಜನರೇಟರ್ ಒಂದನ್ನು ಬೇರೆ ಕೊಟ್ಟಿಗೆಯಲ್ಲಿ ಇರಿಸಲಾಗಿತ್ತು. ಅದರ ಹೊಗೆ ವಿಷವಾದ್ದರಿಂದ ಮುಚ್ಚಿದ ಕೋಣೆಯಲ್ಲಿ ಓಡಿಸುವಂತಿಲ್ಲ. ನೋಡ್‌ನ ಒಂದು ದಿನದ ಖರ್ಚು 40 ಎಎಚ್. ಹದಿನೈದು ಆಂಪಿಯರಿನಂತೆ ಮೂರು ಗಂಟೆಯೊಳಗೆ ಅದು ತುಂಬಿಬಿಡುತ್ತದೆ. ಹಳೆಯ ಕ್ರಮದಲ್ಲಾಗಿದ್ದರೆ ನಿಧಾನದ ಚಾರ್ಜರಿಗಾಗಿ ಜನರೇಟರನ್ನು ದಿನವಿಡೀ ಓಡಿಸಿ ಪೆಟ್ರೋಲ್ ಸುಡಬೇಕಿತ್ತು. ಎರಡನೆಯ ದಿನ ಸಂಜೆ ಪ್ಯಾಕಿನಲ್ಲಿ ಕಾಲುಭಾಗ ಉಳಿದಾಗ ಜನರೇಟರ್ ಹಚ್ಚಿದರು, ನೋಡ್ ಎಲ್ಲಿಯೂ ನಿಲ್ಲಲಿಲ್ಲ. ಜನರೇಟರ್ ಮೊದಲ ಎಳೆತಕ್ಕೇ ಎದ್ದದ್ದು, ತಿಂಗಳಿಗೆ ಎರಡು ಸಲ ಸ್ವಲ್ಪ ಹೊತ್ತು ಓಡಿಸುವ ಮತ್ತು ಹಳೆಯ ಪೆಟ್ರೋಲನ್ನು ಬೈಕಿಗೆ ಹಾಕಿ ಹೊಸದನ್ನು ತುಂಬುವ ಅಭ್ಯಾಸದಿಂದ.

ಅಷ್ಟಾಗಿಯೂ ಆ ಮೂರು ದಿನ ಹೆಚ್ಚಿನ ಮನೆಗಳಲ್ಲಿ ನೆಟ್ ಇರಲಿಲ್ಲ. ನೋಡ್ ಜೀವಂತವಾಗಿದ್ದರೂ ಮನೆಯ ಒಎನ್‌ಯುಗೆ ಕರೆಂಟು ಬೇಕಲ್ಲ. ಅದು ಬೇಡುವುದು ಹತ್ತು ವ್ಯಾಟಿಗಿಂತ ಕಡಿಮೆ, 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಕೆಲವು ಗಂಟೆ ನಡೆಸುತ್ತದೆ, ಮನೆಯ ಇನ್ವರ್ಟರಿನ ಸಾಲಿಗೆ ಜೋಡಿಸಿದರೆ ಇನ್ನೂ ಹೆಚ್ಚು. ಆಪರೇಟರ್ ಮೊದಲು ಆರೋಗ್ಯ ಕೇಂದ್ರ, ಸಂಘದ ಕಚೇರಿ ಮತ್ತು ಜೀಪು ಇರುವ ಇಬ್ಬರ ಮನೆಗಳಿಗೆ ಇಂಥ ಯುಪಿಎಸ್ ಕೊಟ್ಟರು. ಉಳಿದವರಿಗೆ ಕಂತಿನಲ್ಲಿ ಮಾರುತ್ತಿದ್ದಾರೆ.

ಯಾರೂ ನಿರೀಕ್ಷಿಸದಿದ್ದ ಒಂದು ಉಪಯೋಗವೂ ಸಿಕ್ಕಿತು. ಕರೆಂಟು ಹೋದಾಗ ಒಎನ್‌ಯು ಆರುವ ಮುನ್ನ ತನ್ನಲ್ಲಿ ಉಳಿದ ಚೂರು ಶಕ್ತಿಯಿಂದ ಒಎಲ್‌ಟಿಗೆ ಒಂದು ಸಂದೇಶ ಕಳುಹಿಸುತ್ತದೆ, ತಂತ್ರಜ್ಞರು ಅದನ್ನು ಡೈಯಿಂಗ್ ಗ್ಯಾಸ್ಪ್ ಎನ್ನುತ್ತಾರೆ. ಫೈಬರ್ ತುಂಡಾದರೆ ಆ ಸಂದೇಶ ಬರುವುದಿಲ್ಲ. ಹಿಂದೆ ನೋಡ್ ಕೂಡ ಕೆಲವೇ ಗಂಟೆಗಳಲ್ಲಿ ಆರುತ್ತಿದ್ದುದರಿಂದ ಈ ದಾಖಲೆ ಪೂರ್ತಿಯಾಗಿ ಸಿಗುತ್ತಿರಲಿಲ್ಲ. ಈಗ ಯಾವ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಸೇರಿದ ಮನೆಗಳಲ್ಲಿ ಕರೆಂಟು ಹೋಗಿದೆ, ಎಲ್ಲಿ ಕೇಬಲ್ ಹರಿದಿದೆ ಎಂಬುದು ಪರದೆಯ ಮೇಲೆ ಬೇರೆಬೇರೆಯಾಗಿ ಕಾಣುತ್ತದೆ. ರಾತ್ರಿ ಮಳೆಯಲ್ಲಿ ಹುಡುಗನನ್ನು ಕಾಡಿನ ದಾರಿಗೆ ಸುಮ್ಮನೆ ಓಡಿಸುವುದು ತಪ್ಪಿದೆ. ಕರೆಂಟು ಎಲ್ಲೆಲ್ಲಿ ಹೋಗಿದೆ ಎಂದು ಕೇಳಲು ಊರಿನ ಲೈನ್‌ಮನ್ ಈಗ ಆಪರೇಟರಿಗೇ ಫೋನ್ ಮಾಡುತ್ತಾರೆ.

ಇದೇ ಆಪರೇಟರಿಗೆ ಕೊಡಚಾದ್ರಿಯ ಬದಿಯಲ್ಲಿ ಇನ್ನೊಂದು ಚಿಕ್ಕ ನೋಡ್ ಇದೆ, ಅಲ್ಲಿನ ಹೊರೆ 30 ವ್ಯಾಟ್. ಅಲ್ಲಿಗೂ ಲಿಥಿಯಂ ಬೇಕೇ ಎಂದು ಅವರು ಕೇಳಿದಾಗ ಬೇಡವೆಂದೆ. ಉಪಕರಣಗಳೆಲ್ಲ 12 ವೋಲ್ಟಿನವಾದ್ದರಿಂದ ಇನ್ವರ್ಟರ್ ತೆಗೆದುಹಾಕಿ, ಕಡಿಮೆ ವೋಲ್ಟೇಜಿನಲ್ಲಿಯೂ ಇಪ್ಪತ್ತು ಆಂಪಿಯರ್ ಕೊಡಬಲ್ಲ ಚಾರ್ಜರ್, ಹೊರೆಯ ಕಡೆಗೆ ವೋಲ್ಟೇಜನ್ನು ಸ್ಥಿರವಾಗಿಡುವ ಒಂದು ಪರಿವರ್ತಕ ಮತ್ತು ಒಂದೇ ಒಂದು ಹೊಸ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದ್ದರೆ ಸಾಕು. ಹದಿನಾಲ್ಕು ಗಂಟೆಯಲ್ಲಿ ಅದು ಕೊಡಬೇಕಾದದ್ದು ನಲವತ್ತು ಎಎಚ್ ಚಿಲ್ಲರೆ, ಹತ್ತು ಗಂಟೆಯ ಕರೆಂಟು ಅದನ್ನು ತುಂಬಿ ಮಿಗುತ್ತದೆ. ಆ ಕೋಣೆಗೆ ಕಿಟಕಿಯಿಲ್ಲದ ಕಾರಣ ಬ್ಯಾಟರಿಯನ್ನು ಹೊರಗಿನ ಜಗಲಿಯಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಇಡಬೇಕು. ಚಾರ್ಜಿನಲ್ಲಿ ಹೊರಬರುವ ಜಲಜನಕ ಮತ್ತು ಆಮ್ಲದ ಆವಿ ಎರಡೂ ಉಪಕರಣಗಳ ಹತ್ತಿರ ಸುಳಿಯಬಾರದು. ಡಿಸ್ಟಿಲ್ಡ್ ವಾಟರ್ ಹಾಕುವ ಹೊಣೆಯನ್ನು ಯಾರಿಗೆ ವಹಿಸುವುದೆಂಬ ಮಾತು ಮಾತ್ರ ಇನ್ನೂ ಬಗೆಹರಿದಿಲ್ಲ.